ಹೊಳೆ ಬಂದಾಗ ಜನ ಯಾಕೆ ಸಾಯುತ್ತಾರೆ?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಗೋದಾಮಿನ ಬಯಲಿನಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಸಾಲ, ವಸೂಲಿ, ಬೀಜ, ಗೊಬ್ಬರ, ಲಾಭಾಂಶ ಇವುಗಳ ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಅದನ್ನೇ ನಾವು ಮತ್ತೊಮ್ಮೆ ಹೇಳಿದರೆ ನಿಮಗೂ ಬೇಸರ, ನಮಗೂ ಬೇಸರ. ಈ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಹೊಳೆ ಎರಡು ಸಲ ಮರೆಯಲಾರದ ಹಾಗೆ ಬಂದಿದೆ. 2009ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ. ನಡುನಡುವೆ ಬಂದುಹೋದ ಸಣ್ಣಪುಟ್ಟವು ಲೆಕ್ಕಕ್ಕಿಲ್ಲ. ಸಂಘದ ಬಾಕಿ ಪುಸ್ತಕ ತೆಗೆದರೆ ಆ ಎರಡು ವರ್ಷದ ಗುರುತು ಎದ್ದು ಕಾಣುತ್ತದೆ. ಬಾಕಿ ಹಣ ಇಂದಲ್ಲ ನಾಳೆ ಬಂದೀತು. ಹೋದ ಜೀವ ಬರುವುದಿಲ್ಲ. ಆದುದರಿಂದ ಹೊಳೆ ಬಂದಾಗ ಜನ ಯಾಕೆ ಸಾಯುತ್ತಾರೆ ಎಂಬ ವಿಷಯದ ಮೇಲೆ ಮಾತಾಡುತ್ತೇವೆಂದು ಅಧ್ಯಕ್ಷರಲ್ಲಿ ಕೇಳಿಕೊಂಡೆವು. ಬೆಳ್ಳಿ ಹಬ್ಬದ ದಿವಸ ಇದೆಂಥಾ ಅಪಶಕುನದ ಮಾತು ಎಂದು ಕೆಲವರು ಅಂದದ್ದು ನಮ್ಮ ಕಿವಿಗೂ ಬಿದ್ದಿದೆ. ಆದರೆ ಇಷ್ಟು ಜನ ಒಂದೇ ಕಡೆ ಕೂಡುವುದು ಇಂಥ ದಿವಸವೇ ಅಲ್ಲವೇ?

ನಾವು ದೊಡ್ಡ ಓದು ಓದಿದವರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು. ಕಣ್ಣಿಂದ ಕಂಡದ್ದು, ಪತ್ರಿಕೆಯಲ್ಲಿ ಓದಿದ್ದು, ತಿಳಿದವರ ಬಾಯಿಂದ ಕೇಳಿದ್ದು ಇಷ್ಟನ್ನೇ ಕೂಡಿಸಿ ಹೇಳುತ್ತೇವೆ.

ಮಹಾಪೂರದಲ್ಲಿ ಸತ್ತವರೆಲ್ಲ ಹೊಳೆಯಲ್ಲಿ ಕೊಚ್ಚಿಕೊಂಡು ಹೋದರು ಎಂದು ದೂರದ ಜನ ತಿಳಿಯುತ್ತಾರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ನಮ್ಮ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಜನ ಸತ್ತದ್ದು ಮನೆ ಬಿದ್ದು, ಗೋಡೆ ಕುಸಿದು. ನಮ್ಮ ಊರಲ್ಲಿ ಆ ಸಲ ಹೋದ ಜೀವ ಎರಡು. ಅಜ್ಜಿ ಒಬ್ಬಳು, ಮೊಮ್ಮಗಳು ಒಬ್ಬಳು. ಅವರ ಮನೆಯ ಹೊಸ್ತಿಲಿಗೆ ಹೊಳೆಯ ನೀರು ಮುಟ್ಟಿರಲೇ ಇಲ್ಲ. ಮಳೆ ನಿಂತು ಎರಡು ದಿವಸ ಆಗಿತ್ತು, ಬಿಸಿಲೂ ಬಿದ್ದಿತ್ತು. ಶಾಲೆಯಲ್ಲಿ ಮಲಗಿದ್ದವರು ಇನ್ನೇನು ಭಯವಿಲ್ಲ ಎಂದು ಮನೆಗೆ ಹೋಗಿ ಮಲಗಿದರು. ಬೆಳಗಿನ ಜಾವ ಗೋಡೆ ಒಳಗೆ ಬಿತ್ತು. ಆ ಮನೆಯವರು ಈ ಸಭೆಯಲ್ಲಿ ಕೂತಿದ್ದಾರೆ, ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ.

ನಮ್ಮ ಮಾಳಿಗೆ ಮನೆಗಳ ಕಟ್ಟೋಣವನ್ನು ನೀವೇ ನೋಡಿರಿ. ಗೋಡೆ ಕಲ್ಲಿನದೇ, ಆದರೆ ಕಲ್ಲು ಕಲ್ಲಿನ ನಡುವೆ ಹಿಡಿದಿರುವುದು ಕೆಸರು ಮಣ್ಣು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಸೋರಿತು ಅಂದಾಗಲೆಲ್ಲ ಮೇಲೆ ಮತ್ತೊಂದು ಪದರು ಹಾಕುತ್ತೇವೆ. ಅಜ್ಜನ ಕಾಲದ ಒಂದು ಗೇಣು ಮಣ್ಣು ಮೊಮ್ಮಗನ ಕಾಲಕ್ಕೆ ಎರಡು ಗೇಣು ಆಗಿರುತ್ತದೆ. ಮೂರು ದಿವಸ ಬಿಡದೆ ಮಳೆ ಹಿಡಿದರೆ ಆ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆಯ ಬುಡದಲ್ಲಿ ನೀರು ನಿಂತು ಒಳಗಿನ ಕೆಸರು ಮತ್ತೆ ಕೆಸರೇ ಆಗುತ್ತದೆ. ಮೇಲಿನ ಭಾರ ಹೆಚ್ಚಿತು, ಕೆಳಗಿನ ಕಾಲು ಮೆತ್ತಗಾಯಿತು. ಹೊರಗೆ ನೀರು ನಿಂತಿರುವ ತನಕ ಆ ನೀರೇ ಗೋಡೆಗೆ ಒಂದು ಆಸರೆ ಕೊಟ್ಟಿರುತ್ತದೆ. ನೀರು ಇಳಿದ ಕೂಡಲೇ ಆ ಆಸರೆಯೂ ಹೋಯಿತು. ಬಿಸಿಲು ಬಿದ್ದು ಹೊರ ಮೈ ಒಣಗಿ ಬಿರಿಯುತ್ತದೆ, ಒಳಮೈ ಹಸಿಯಾಗಿಯೇ ಇರುತ್ತದೆ. ಹೀಗಾಗಿ ಗೋಡೆ ಬೀಳುವುದು ಮಳೆಯಲ್ಲಿ ಅಷ್ಟೇ ಅಲ್ಲ, ಮಳೆ ನಿಂತ ಮೇಲೆಯೂ ಬೀಳುತ್ತದೆ. ರಾತ್ರಿ ಬಿದ್ದರೆ ಮಲಗಿದವರ ಮೇಲೆಯೇ ಬೀಳುತ್ತದೆ.

ಬೀಳುವ ಮೊದಲು ಗೋಡೆ ಬಹಳ ಸಲ ಹೇಳಿಯೇ ಬೀಳುತ್ತದೆ. ಹೊಟ್ಟೆ ಬಿಟ್ಟಿರುತ್ತದೆ. ಜಂತಿಯ ಸಂದಿಯಿಂದ ಸಣ್ಣಗೆ ಮಣ್ಣು ಉದುರುತ್ತಿರುತ್ತದೆ. ನಿನ್ನೆ ಸರಳವಾಗಿ ಹಾಕುತ್ತಿದ್ದ ಬಾಗಿಲು ಇಂದು ಬಿಗಿ ಹಿಡಿಯುತ್ತದೆ. ಮೂರರಲ್ಲಿ ಒಂದು ಕಂಡರೂ ಆ ಮನೆಯಲ್ಲಿ ಮಲಗಬಾರದು. ಯಾವುದೂ ಕಾಣದಿದ್ದರೂ ನೀರು ನಿಂತಿದ್ದ ಮನೆಯಲ್ಲಿ ಗೋಡೆ ಪೂರ್ತಿ ಒಣಗುವ ತನಕ ಮಲಗಬಾರದು ಎಂಬುದು ನಮ್ಮ ಅಭಿಪ್ರಾಯ. ಎಂಟು ದಿವಸ, ಹತ್ತು ದಿವಸ ಶಾಲೆಯಲ್ಲಿ ಯಾರು ಇರುತ್ತಾರೆ ಎಂದು ಕೇಳುತ್ತೀರಿ. ಕಷ್ಟ ಹೌದು.

ಇನ್ನೊಂದು ಕಾರಣವನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ, ನಾವು ಹೇಳುತ್ತೇವೆ. ಜನ ಹಸಿ ಮನೆಗೆ ಅವಸರ ಮಾಡಿ ಮರಳುವುದು ಪರಿಹಾರದ ಪಟ್ಟಿಗಾಗಿ. ಸರ್ವೆಗೆ ಬಂದವರು ಬಾಗಿಲಲ್ಲಿ ಯಾರೂ ಇಲ್ಲ ಎಂದು ಮುಂದೆ ಹೋದರೆ ಹೆಸರು ಬಿಟ್ಟುಹೋಯಿತು ಎಂಬ ಹೆದರಿಕೆ. ಈ ಹೆದರಿಕೆ ಸುಳ್ಳಲ್ಲ. ಬಿಟ್ಟುಹೋದ ಹೆಸರು ಸೇರಿಸಲು ವರ್ಷಗಟ್ಟಲೆ ತಿರುಗಿದವರು ನಮ್ಮಲ್ಲೇ ಇದ್ದಾರೆ. ಮನೆ ಕಾಯಲು ಹೋಗಿ ಮನೆಯ ಕೆಳಗೇ ಸಿಕ್ಕರೆ ಆ ಪಟ್ಟಿ ತಗೊಂಡು ಮಾಡೋದೇನು?

ಈಗ ಹೊಳೆಯ ವಿಷಯಕ್ಕೆ ಬರೋಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ನವಿಲುತೀರ್ಥದ ಅಣೆಕಟ್ಟೆ ದಾಟಿ ಕೂಡಲಸಂಗಮದ ತನಕ ಹರಿಯುವ ಮಲಪ್ರಭೆಯ ದಂಡೆ ನಮ್ಮದು. ಅದರಲ್ಲೂ ಬೆಣ್ಣಿಹಳ್ಳ ಬಂದು ಕೂಡಿದ ಮೇಲಿನ ದಂಡೆ. ಅಂದರೆ ನಮಗೆ ಎರಡು ತರದ ನೀರು. ಅಣೆಕಟ್ಟೆಯ ನೀರು ಹೇಳಿ ಬರುತ್ತದೆ. ಬಿಟ್ಟ ನೀರು ನಮ್ಮ ಊರು ಮುಟ್ಟಲು ತಾಸುಗಟ್ಟಲೆ ಹೊತ್ತು ಬೇಕು. ಬೆಣ್ಣಿಹಳ್ಳದ ನೀರು ಹೇಳುವುದಿಲ್ಲ. ಅದಕ್ಕೆ ತಡೆಯುವ ಅಣೆಕಟ್ಟೆ ಇಲ್ಲ, ಮೇಲೆ ಎಲ್ಲೋ ಮಳೆ ಹೊಡೆಯಿತು ಅಂದರೆ ಇಲ್ಲಿ ಬಿಸಿಲಿದ್ದರೂ ಏರಿ ಬರುತ್ತದೆ. ನಮ್ಮ ಎರೆ ಭೂಮಿಯೂ ಅಷ್ಟೇ, ಒಂದು ಹದ ತುಂಬಿದ ಮೇಲೆ ಮುಂದಿನ ಹನಿಯನ್ನೆಲ್ಲ ಹಳ್ಳಕ್ಕೇ ಕಳಿಸುತ್ತದೆ.

2009ರ ಮಹಾಪೂರಕ್ಕೆ ಮುಖ್ಯ ಕಾರಣ ನಮ್ಮ ಬಯಲುಸೀಮೆಯ ಮೇಲೆಯೇ ಬಿದ್ದ ಮಳೆ. ಆ ವರ್ಷ ಮೊದಲು ಮಳೆಯಿಲ್ಲದೆ ಬೆಳೆ ಒಣಗಿತ್ತು, ಆಮೇಲೆ ಒಮ್ಮೆಗೇ ಸುರಿಯಿತು. 2019ರ ಆಗಸ್ಟಿನಲ್ಲಿ ಬಂದದ್ದು ಘಟ್ಟದ ಕಡೆಯ ಮಳೆಯಿಂದ ತುಂಬಿದ ಅಣೆಕಟ್ಟೆಗಳ ನೀರು. ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ಹೊಳೆ ನುಗ್ಗಿದ್ದನ್ನು ಎಲ್ಲರೂ ನೋಡಿದ್ದೀರಿ. ಎರಡೂ ಸಲ ಹೊಳೆ ಒಂದೇ, ದಾರಿ ಬೇರೆ. ಆದರೆ ನಮ್ಮ ಹಿರಿಯರು ಒಂದೇ ಗುರುತು ಇಟ್ಟುಕೊಂಡಿದ್ದರು. 2019ರಲ್ಲಿ ಅಗಸಿ ಓಣಿಯ ಹಿರಿಯರೊಬ್ಬರನ್ನು ಕರೆಯಲು ನಾವೇ ಹೋಗಿದ್ದೆವು.

“ಕಾಕಾ, ನಡೀರಿ, ನೀರು ಬರಾಕತ್ತೈತಿ.”

“ಹೋಗೋ ತಮ್ಮಾ, ಅರವತ್ತು ವರ್ಷದಿಂದ ನೋಡಾಕತ್ತೀನಿ. ಹನುಮಪ್ಪನ ಗುಡಿ ಕಟ್ಟಿ ದಾಟಿ ಹೊಳಿ ಒಳಗ ಬಂದಿಲ್ಲ.”

ಅವರು ಹೇಳಿದ್ದು ಸುಳ್ಳಲ್ಲ. ಅರವತ್ತು ವರ್ಷ ದಾಟಿರಲಿಲ್ಲ. ಆ ರಾತ್ರಿ ದಾಟಿತು. ಅಷ್ಟರಲ್ಲಿ ಅವರ ಮಗ ಬಂದು ಹೊತ್ತುಕೊಂಡೇ ನಡೆದದ್ದರಿಂದ ಕಾಕಾ ಇನ್ನೂ ನಾಲ್ಕು ವರ್ಷ ನಮ್ಮ ಜೊತೆ ಇದ್ದರು. ಹಿಂದಿನ ನೀರಿನ ಗುರುತು ಮನುಷ್ಯನನ್ನು ಕಟ್ಟಿಹಾಕುತ್ತದೆ. ಆ ಗುರುತು ಇಟ್ಟಾಗ ಇದ್ದ ಹೊಳೆಯೇ ಈಗ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಎರಡೂ ದಂಡೆಗೆ ಹೊಲ ಇಳಿದಿವೆ, ಪಾತ್ರದಲ್ಲಿ ಜಾಲಿ ಬೆಳೆದಿದೆ, ಹೂಳು ಕೂತಿದೆ. ಹಿಡಿಸುವ ಪಾತ್ರೆ ಸಣ್ಣದಾದರೆ ಅಷ್ಟೇ ನೀರು ಹೆಚ್ಚು ಮೇಲೆ ಬರುತ್ತದೆ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಮನೆಯ ತಾಯಂದಿರಿಗೇ ಗೊತ್ತು.

ಎಚ್ಚರಿಕೆ ಬರಲಿಲ್ಲ ಎಂದು 2019ರಲ್ಲಿ ಬೈದವರು ಬಹಳ. ಎಚ್ಚರಿಕೆ ಬಂದಿತ್ತು. ಇಷ್ಟು ಸಾವಿರ ಕ್ಯೂಸೆಕ್ಸ್ ಬಿಡಲಾಗಿದೆ, ನದಿ ಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳಬೇಕು ಎಂದು ಡಂಗುರವೂ ಆಯಿತು, ಮೊಬೈಲಿನಲ್ಲೂ ಬಂತು. ಆದರೆ ಕ್ಯೂಸೆಕ್ಸ್ ಅಂದರೆ ನಮ್ಮ ಅವ್ವನಿಗೆ ಏನು ತಿಳಿಯಬೇಕು? ಒಂದು ಕ್ಯೂಸೆಕ್ಸ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. 50 ಸಾವಿರ ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ 14 ಲಕ್ಷ ಲೀಟರ್. 40 ಲೀಟರಿನ ಹಾಲಿನ ಕ್ಯಾನ್ ಲೆಕ್ಕದಲ್ಲಿ ಹೇಳಿದರೆ, ಕಣ್ಣು ಮುಚ್ಚಿ ತೆರೆಯುವುದರಲ್ಲಿ 35 ಸಾವಿರ ಕ್ಯಾನ್. ಇಷ್ಟು ಹೇಳಿದರೂ ಆ ನೀರು ನಮ್ಮ ಓಣಿಗೆ ಬರುತ್ತದೋ ಇಲ್ಲವೋ ತಿಳಿಯಲಿಲ್ಲ. ಜನಕ್ಕೆ ಬೇಕಾದದ್ದು ಆ ಮಾತು. ಗುಡಿ ಕಟ್ಟೆಯ ಎಷ್ಟನೇ ಮೆಟ್ಟಿಲು? ಎಷ್ಟು ಹೊತ್ತಿಗೆ? ಸೇತುವೆ ಮುಳುಗುವುದು ಯಾವಾಗ?

ಎಚ್ಚರಿಕೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಮೋರ್ಬಿ ಸಾಕ್ಷಿ. 1979ರ ಆಗಸ್ಟ್ 11ರಂದು ಮಚ್ಛು ನದಿಯ ಎರಡನೇ ಅಣೆಕಟ್ಟೆ ಒಡೆಯಿತು. ಮಳೆಗಾಳಿಗೆ ಟೆಲಿಫೋನ್ ತಂತಿ ಸತ್ತಿತ್ತು, ಕೆಳಗಿನ ಊರಿಗೆ ಸುದ್ದಿ ಮುಟ್ಟಲಿಲ್ಲ, ನೀರೇ ಮೊದಲು ಮುಟ್ಟಿತು. ಸಾವಿರಾರು ಜನ ಹೋದರು. ಹೋದವರ ಲೆಕ್ಕದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ರಾತ್ರಿಯ ಮಾತೂ ಹಾಗೆಯೇ. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ನೀರೂ ಮಣ್ಣೂ ಕೂಡಿ ಬಂದದ್ದು ನಟ್ಟಿರುಳಿನಲ್ಲಿ. ಇನ್ನೂರಕ್ಕೂ ಹೆಚ್ಚು ಜನ ಮಲಗಿದ್ದಲ್ಲೇ ಸಿಕ್ಕರು. ಆದುದರಿಂದ ಊರು ಬಿಡುವುದಿದ್ದರೆ ಹೊತ್ತು ಮುಳುಗುವುದರೊಳಗೆ ಬಿಡಬೇಕು. ಮುಂಜಾನೆ ನೋಡೋಣ ಎಂಬ ಮಾತು ಹೊಳೆಯ ದಂಡೆಯಲ್ಲಿ ಆಡುವ ಮಾತಲ್ಲ.

ನೀರಿನಲ್ಲೇ ಸಾಯುವವರ ಬಗ್ಗೆಯೂ ಹೇಳಬೇಕಲ್ಲ. ಅವರಲ್ಲಿ ಬಹಳ ಜನರ ಬಳಿ ನೀರು ಹೋದದ್ದಲ್ಲ, ಅವರೇ ನೀರಿನ ಬಳಿ ಹೋದದ್ದು. ಮುಳುಗಿದ ಸೇತುವೆ ದಾಟಲು ಹೋದವರು. ಅಮೆರಿಕದಂಥ ಮುಂದುವರಿದ ದೇಶದಲ್ಲಿಯೂ ನೆರೆಯಲ್ಲಿ ಮುಳುಗಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾಹನವನ್ನು ನೀರಿಗೆ ಇಳಿಸಿದವರೇ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಹರಿಯುವ ನೀರು ಅರ್ಧ ಅಡಿ ಇದ್ದರೆ ದೊಡ್ಡ ಮನುಷ್ಯನ ಕಾಲು ಕೀಳಬಲ್ಲದು. ಒಂದು ಅಡಿ ಇದ್ದರೆ ಸಣ್ಣ ಕಾರನ್ನು ಒಯ್ಯಬಲ್ಲದು. ಎರಡು ಅಡಿ ಇದ್ದರೆ ಬಹುತೇಕ ಎಲ್ಲ ಗಾಡಿಗಳನ್ನೂ ಒಯ್ಯುತ್ತದೆ. ನೀರಿನ ಓಟ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕಣ್ಣಿಗೆ ಕಾಣುವುದು ಆಳ, ಕೊಲ್ಲುವುದು ಓಟ. ನಮ್ಮದು ಟ್ರ್ಯಾಕ್ಟರ್, ಭಾರ ಅದೆ ಎನ್ನುತ್ತಾರೆ ಹುಡುಗರು. ಟ್ರ್ಯಾಕ್ಟರ್ ನಿಂತೀತು, ಹಿಂದಿನ ಟ್ರ್ಯಾಲಿಗೆ ನೀರು ಅಡ್ಡ ಹೊಡೆದರೆ ಅದು ಟ್ರ್ಯಾಕ್ಟರನ್ನೂ ಎಳೆದುಕೊಂಡು ಹೋಗುತ್ತದೆ. ಕೆಂಪು ನೀರಿನ ಕೆಳಗೆ ಸೇತುವೆ ಇದೆಯೋ, ಅರ್ಧ ಕಿತ್ತು ಹೋಗಿದೆಯೋ ಮೇಲಿನಿಂದ ಕಾಣುವುದೂ ಇಲ್ಲ.

2019ರಲ್ಲಿ ದೇವದುರ್ಗ ತಾಲ್ಲೂಕಿನಲ್ಲಿ ಸೇತುವೆಯ ಮೇಲೆ ನೀರು ಹರಿಯುವಾಗ ಶಾಲೆಯ ಹುಡುಗನೊಬ್ಬ ಮುಂದೆ ಓಡಿ ಆಂಬುಲೆನ್ಸಿಗೆ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿ ಬಂತು, ಬರಬೇಕಾದದ್ದೇ. ಆ ಮಗುವಿನ ಧೈರ್ಯಕ್ಕೆ ನಾವೂ ಕೈ ಮುಗಿಯುತ್ತೇವೆ. ಆದರೆ ಆ ವಿಡಿಯೋ ನೋಡಿ ನಮ್ಮ ಊರಿನ ನಾಲ್ಕು ಹುಡುಗರು ಸೇತುವೆ ಕಡೆ ಓಡಿದರು ನೋಡಿ, ಅದು ನಮಗೆ ಸೇರಲಿಲ್ಲ. ದೊಡ್ಡವರು ಆ ಗಾಡಿಯನ್ನು ದಂಡೆಯಲ್ಲೇ ನಿಲ್ಲಿಸಿದ್ದರೆ ಮಗು ನೀರಿಗೆ ಇಳಿಯುವ ಪ್ರಸಂಗವೇ ಬರುತ್ತಿರಲಿಲ್ಲ.

ಉಳಿಸಲು ಹೋದ ದೋಣಿಯೂ ಕೊಲ್ಲುತ್ತದೆ. ಅದೇ 2019ರ ಆಗಸ್ಟ್ 8ರಂದು ಗಡಿಯ ಆಚೆ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಊರವರನ್ನು ದಾಟಿಸುತ್ತಿದ್ದ ದೋಣಿ ಮಗುಚಿತು. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಹತ್ತಕ್ಕೂ ಹೆಚ್ಚು ಜೀವ ಹೋದವು, ಅದರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಅದೇ ವಾರ ಹಂಪಿಯ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರನ್ನು ತರಲು ಹೋದ ರಕ್ಷಣಾ ತಂಡದ ದೋಣಿಯೂ ಮಗುಚಿತು. ತರಬೇತಿ ಇದ್ದವರು, ಬದುಕಿ ಬಂದರು. ಅವಸರದಲ್ಲಿ ದೋಣಿಗೆ ಹತ್ತುವಾಗ ಇವನೊಬ್ಬ, ಅವಳೊಬ್ಬಳು ಎಂದು ಸೇರಿಸುವವರಿಗೆ ಗಟ್ಟಿಯಾಗಿ ಬೇಡ ಎನ್ನುವ ಒಬ್ಬ ಮನುಷ್ಯ ದಂಡೆಯಲ್ಲಿ ಇರಬೇಕು. ಬೈಸಿಕೊಂಡರೂ ಚಿಂತೆಯಿಲ್ಲ.

ಇನ್ನೊಂದು ಜಾತಿಯ ಸಾವು ನಮ್ಮ ರೈತರದ್ದೇ. ಹೊಳೆ ಏರುತ್ತಿದೆ ಎಂದು ಗೊತ್ತಾದ ಕೂಡಲೇ ನಾವು ಓಡುವುದು ಊರ ಕಡೆಗಲ್ಲ, ದಂಡೆಯ ಮೋಟಾರಿನ ಕಡೆಗೆ. ಪಂಪ್‌ಸೆಟ್, ಪೈಪು, ಸ್ಟಾರ್ಟರು ಎಲ್ಲ ಸೇರಿ ಸಾಲದ ದುಡ್ಡು. ಬಿಚ್ಚಲು ಕೂತರೆ ನಟ್ಟು ತುಕ್ಕು ಹಿಡಿದಿರುತ್ತದೆ. ಅರ್ಧ ಬಿಚ್ಚುವಾಗ ಹಿಂದಿನ ತಗ್ಗಿನಲ್ಲಿ ನೀರು ತಿರುಗಿ ಬಂದು ದಾರಿ ಮುಚ್ಚಿರುತ್ತದೆ. ಅಲ್ಲಿಗೆ ಅದು ನಡುಗಡ್ಡೆ. 2019ರಲ್ಲಿ ನಮ್ಮ ಸದಸ್ಯರಿಬ್ಬರು ಹೀಗೆ ಒಂದು ರಾತ್ರಿ ಜಾಲಿ ಮರದ ಮೇಲೆ ಕಳೆದರು, ಜೊತೆಗೆ ಒಂದು ಹಾವೂ ಇತ್ತಂತೆ. ಈಗ ನಗುತ್ತಾರೆ. ತಂತಿಯಲ್ಲಿ ಕರೆಂಟು ಇರುವಾಗ ಒದ್ದೆ ಸ್ಟಾರ್ಟರಿಗೆ ಕೈ ಹಾಕಿದವರು ನಗಲು ಉಳಿಯುವುದಿಲ್ಲ. ಉಸುಕು ತೆಗೆದ ಹೊಂಡಗಳಿಂದ ಹಳೆಯ ಕಾಲುದಾರಿಯೂ ಹಳೆಯದಾಗಿ ಉಳಿದಿಲ್ಲ. ಹುಟ್ಟಿದಾಗಿನಿಂದ ದಾಟಿದ ಜಾಗ ಎಂದು ಕಾಲಿಟ್ಟರೆ ಒಂದು ಆಳು ಆಳ ಸಿಗುತ್ತದೆ. ಈಜು ಬಲ್ಲವರೂ ಅಲ್ಲಿ ಸುಳಿಗೆ ಸಿಗುತ್ತಾರೆ.

ಗಂಡಸರು ಹೆಂಗಸರು ಒಂದೇ ತರ ಸಾಯುವುದಿಲ್ಲ. ಹೊರ ದೇಶಗಳ ಹೊಳೆ ನೆರೆಗಳ ಲೆಕ್ಕ ನೋಡಿದರೆ ಸತ್ತವರಲ್ಲಿ ಗಂಡಸರೇ ಹೆಚ್ಚು, ದಾಟಲು ಹೋಗಿ, ಧೈರ್ಯ ತೋರಿಸಲು ಹೋಗಿ. ಆದರೆ 1991ರಲ್ಲಿ ಬಾಂಗ್ಲಾದೇಶದ ಕರಾವಳಿಗೆ ಚಂಡಮಾರುತದಿಂದ ಸಮುದ್ರವೇ ನುಗ್ಗಿ 1 ಲಕ್ಷ 38 ಸಾವಿರದಷ್ಟು ಜನ ಸತ್ತಾಗ ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚು ಸತ್ತರು. ಈಜು ಕಲಿಸಿರಲಿಲ್ಲ, ಸೀರೆ ಕಾಲಿಗೆ ಸುತ್ತಿತು, ಕಂಕುಳಲ್ಲಿ ಮಕ್ಕಳು. ಎಲ್ಲಕ್ಕಿಂತ ಹೆಚ್ಚಾಗಿ, ಯಜಮಾನರು ಬಂದು ಹೇಳುವ ತನಕ ಮನೆ ಬಿಟ್ಟು ಹೊರಡುವ ಪದ್ಧತಿ ಇರಲಿಲ್ಲ. ತಾಯಂದಿರೇ, ನಮ್ಮಲ್ಲಿ ಎಷ್ಟು ಮನೆಯಲ್ಲಿ ಇದೆ ಈ ಪದ್ಧತಿ? ಅವರು ಹೊಲದಿಂದ ಬರಲಿ, ಆಮೇಲೆ ಹೋಗೋಣ ಎಂದು ಕೂಡ್ರಬೇಡಿರಿ. ಯಜಮಾನರು ಬೈದರೆ ಸಂಘದ ನಿರ್ದೇಶಕರು ಹೇಳಿದ್ದಾರೆಂದು ನಮ್ಮ ಹೆಸರು ಹೇಳಿರಿ.

ಅದೇ ಬಾಂಗ್ಲಾದೇಶದ ಮುಂದಿನ ಕಥೆಯನ್ನೂ ಕೇಳಬೇಕು. 1970ರಲ್ಲಿ ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಒಂದೇ ಚಂಡಮಾರುತಕ್ಕೆ ಹೋಗಿದ್ದರು. 2007ರಲ್ಲಿ ಸಿದ್ರ್ ಎಂಬ ಭಾರೀ ಚಂಡಮಾರುತ ಬಂದಾಗ ಸರ್ಕಾರಿ ಲೆಕ್ಕದಂತೆ ಸತ್ತವರು ನಾಲ್ಕು ಸಾವಿರದೊಳಗೆ. ನಮ್ಮ ದೇಶದ ಒಡಿಶಾದಲ್ಲೂ ಹೀಗೇ ಆಗಿದೆ. 1999ರಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರ ಫೈಲಿನ್ ಚಂಡಮಾರುತದಲ್ಲಿ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸಾಗಿಸಿದರು, ಸತ್ತವರು ಐವತ್ತರೊಳಗೆ. ಸಮುದ್ರದ ನೀರಿಗೂ ನಮ್ಮ ಹೊಳೆಯ ನೀರಿಗೂ ಹೋಲಿಕೆ ಇಲ್ಲ, ಒಪ್ಪುತ್ತೇವೆ. ಆದರೆ ಗಾಳಿಯೂ ಅದೇ, ನೀರೂ ಅದೇ ಇದ್ದು ಸಾವು ಮಾತ್ರ ಕಡಿಮೆಯಾಯಿತು ಎಂದರೆ ಕೊಲ್ಲುವುದು ನೀರೊಂದೇ ಅಲ್ಲ ಎಂದಾಯಿತಲ್ಲ.

ಬಾಂಗ್ಲಾದೇಶದವರು ಮಾಡಿದ ಒಂದು ಕೆಲಸ ನಮಗೆ ಬಹಳ ಮನಸ್ಸಿಗೆ ಬಂದಿದೆ. ಜನರಿಗಾಗಿ ಗಟ್ಟಿ ಕಟ್ಟಡ ಕಟ್ಟಿದರೂ ಜನ ಬರಲಿಲ್ಲ. ಯಾಕೆ ಎಂದರೆ ದನ ಬಿಟ್ಟು ಹೇಗೆ ಬರುವುದು. ಅದಕ್ಕೆ ದನಗಳಿಗಾಗಿ ಮಣ್ಣು ಏರಿಸಿ ಎತ್ತರದ ದಿಬ್ಬಗಳನ್ನೇ ಕಟ್ಟಿದರು. ಅದಕ್ಕೆ ಅವರು ಕಿಲ್ಲಾ ಅನ್ನುತ್ತಾರೆ.

ನಮ್ಮಲ್ಲೂ ಜನ ಮನೆ ಬಿಡದಿರಲು ದೊಡ್ಡ ಕಾರಣ ದನ. ಹಾಲು ಕೊಡುವ ಎಮ್ಮೆ ಸತ್ತರೆ 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಮಾಡಿದ ಪರಿಹಾರ 37,500 ರೂಪಾಯಿ. ಅದೇ ಎಮ್ಮೆಯನ್ನು ಸಂತೆಯಲ್ಲಿ ಆ ದುಡ್ಡಿಗೆ ಕೊಡಿಸಿ ನೋಡೋಣ. ಅದೂ ಸತ್ತದ್ದಕ್ಕೆ ದಾಖಲೆ ಇದ್ದರೆ. ಹೊಳೆಯಲ್ಲಿ ಹೋದ ದನಕ್ಕೆ ದಾಖಲೆ ಎಲ್ಲಿಂದ ತರುವುದು? ಹೀಗಿರುವಾಗ ಎಮ್ಮೆ ಬಿಟ್ಟು ಬಾ ಎಂದು ಬಡವನಿಗೆ ಹೇಳುವುದು ಸುಲಭ, ಬಿಟ್ಟು ಬರುವುದು ಸುಲಭವಲ್ಲ. ಬೈದು ಉಪಯೋಗವಿಲ್ಲ. ಅವನ ಎಮ್ಮೆಗೆ ಜಾಗ ತೋರಿಸಬೇಕು. ಕೊನೆಯ ಗಳಿಗೆಯಲ್ಲಿ ಹೊಡೆದುಕೊಂಡು ಬರಲು ಆಗದಿದ್ದರೆ ಕಣ್ಣಿಯನ್ನಾದರೂ ಬಿಚ್ಚಿ ಬರಬೇಕು. ಬಿಚ್ಚಿದ ದನ ಈಜಿ ದಂಡೆ ಸೇರೀತು. ಗೂಟದಲ್ಲಿದ್ದದ್ದು ಗೂಟದಲ್ಲೇ ಸಾಯುತ್ತದೆ.

ನೀರು ಇಳಿದ ಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇವೆ. ಹಾವು ನಮ್ಮ ಹಾಗೆಯೇ ಎತ್ತರದ ಜಾಗ ಹುಡುಕಿ ಬಂದಿರುತ್ತದೆ, ಕಚ್ಚಿದರೆ ಮಂತ್ರದವರಲ್ಲಿಗೆ ಅಲ್ಲ, ಔಷಧ ಇರುವ ದವಾಖಾನೆಗೆ. ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರ ಬರುತ್ತದೆ, 2018ರಲ್ಲಿ ಕೇರಳದಲ್ಲಿ ನೆರೆಯ ಹಿಂದೆಯೇ ಅದೂ ಬಂತು. ಅಲ್ಲಿ ಆರೋಗ್ಯ ಇಲಾಖೆಯವರು ಮುಂಚಿತವಾಗಿ ಗುಳಿಗೆ ಹಂಚಿದರು. ನಮ್ಮಲ್ಲಿ ಹಂಚಿದರೆ ಬಿಸಾಡಬೇಡಿರಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರ ಗುಳಿಗೆ ಮನೆಯಲ್ಲೇ ಉಳಿದು ಶಾಲೆಯಲ್ಲಿ ಪ್ರಾಣ ಹೋದರೆ ಅದನ್ನು ಯಾರೂ ನೆರೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಸಂಘದ ಮಾತು. ನೀವು ಈಗ ಕೂತಿರುವ ಈ ಬಯಲು ಊರಿಗಿಂತ ಎತ್ತರದಲ್ಲಿದೆ. ಎರಡು ಸಲವೂ ಇಲ್ಲಿಗೆ ನೀರು ಬಂದಿಲ್ಲ. ಕಾಕಾನ ಗುಡಿ ಕಟ್ಟೆಯ ಮಾತೇ ಆಗಬಾರದೆಂದು ಇದನ್ನು ಇನ್ನೂ ಎರಡು ಅಡಿ ಗರಸು ಹಾಕಿ ಏರಿಸಬೇಕು, ಸಾಲಾಗಿ ಗೂಟ ಹುಗಿಯಬೇಕು, ತಗಡಿನ ನೆರಳು ಮಾಡಬೇಕು, ಬೇಸಿಗೆಯಲ್ಲೇ ಒಂದು ಬಣವೆ ಮೇವು ಕೂಡಿಡಬೇಕು ಎಂದು ನಾವು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇವೆ. ಗೊಬ್ಬರದ ಗೋದಾಮಿನ ಪಕ್ಕ ದನ ಕಟ್ಟಿದರೆ ಹೊಲಸಾಗುತ್ತದೆ, ಆಡಿಟಿನವರು ಕೇಳುತ್ತಾರೆ ಎಂದು ಕೆಲವರು ಅಂದಿದ್ದಾರೆ. ಹೊಲಸಾದರೆ ಬಳಿಯೋಣ. ಆಡಿಟಿನವರಿಗೆ ಠರಾವು ತೋರಿಸೋಣ.

ಹಣದ ಮಾತು ಸ್ವಲ್ಪ ಬಿಸಿ ಇದೆ. ಬೆಳ್ಳಿ ಹಬ್ಬದ ಕಾಣಿಕೆ ಎಂದು ಪ್ರತಿ ಸದಸ್ಯರಿಗೂ ಒಂದು ಗೋಡೆ ಗಡಿಯಾರ ಕೊಡಬೇಕೆಂದು ಮಾತಾಗಿದೆ. ಆ ಹಣವನ್ನು ಈ ಬಯಲಿಗೆ ಹಾಕೋಣ ಎಂಬುದು ನಮ್ಮ ಸೂಚನೆ. ಗಡಿಯಾರ ಬೇಕೆನ್ನುವವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಗಡಿಯಾರ ತೂಗುಹಾಕಲು ಮೊದಲು ಗೋಡೆ ನಿಂತಿರಬೇಕಲ್ಲ. ಮುಂದಿನ ಸಭೆಯಲ್ಲಿ ಇದು ಠರಾವಿಗೆ ಬರುತ್ತದೆ. ಕೈ ಎತ್ತುವುದು ಬಿಡುವುದು ನಿಮಗೆ ಸೇರಿದ್ದು.

ಖರ್ಚಿಲ್ಲದ ಮೂರು ಕೆಲಸಕ್ಕೆ ಮಂಡಳಿ ಈಗಾಗಲೇ ಒಪ್ಪಿದೆ. ಹೊಲದ ಉತಾರ, ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್ ಇವುಗಳ ಝೆರಾಕ್ಸ್ ಪ್ರತಿಯನ್ನು ಸದಸ್ಯರು ತಂದುಕೊಟ್ಟರೆ ಸಂಘದ ತಿಜೋರಿಯಲ್ಲಿ ಮನೆತನಕ್ಕೆ ಒಂದು ಲಕೋಟೆಯಂತೆ ಇಡುತ್ತೇವೆ. ಕಾಗದ ತರಲು ಯಾರೂ ನೀರಿಗೆ ಮರಳಿ ಇಳಿಯಬಾರದು. ಪ್ರತಿ ಮನೆಯ ಈಗಿನ ಫೋಟೋ ತೆಗೆದು ಅದೇ ಲಕೋಟೆಯಲ್ಲಿ ಇಡುತ್ತೇವೆ. ಸರ್ವೆಯವರು ಬಂದಾಗ ಬಾಗಿಲಲ್ಲಿ ನೀವು ಇಲ್ಲದಿದ್ದರೂ ಸಂಘದ ಪರವಾಗಿ ಒಬ್ಬ ನಿರ್ದೇಶಕರು ಇರುತ್ತಾರೆ.

ಎರಡನೆಯದು ಗುರುತಿನ ಕೆಲಸ. ಹನುಮಪ್ಪನ ಗುಡಿ ಕಟ್ಟೆ, ಸೇತುವೆಯ ಕಂಬ, ಶಾಲೆಯ ಗೋಡೆ ಈ ಮೂರು ಕಡೆ 2009ರ ಮತ್ತು 2019ರ ನೀರಿನ ಮಟ್ಟಕ್ಕೆ ಬಣ್ಣದ ಪಟ್ಟೆ ಹೊಡೆಸುತ್ತೇವೆ. ಮುಂದೆ ಅಣೆಕಟ್ಟೆಯಿಂದ ಇಷ್ಟು ಕ್ಯೂಸೆಕ್ಸ್ ಬಿಟ್ಟರು ಎಂದು ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ನೀರು ಯಾವ ಮೆಟ್ಟಿಲಿಗೆ, ಎಷ್ಟು ತಾಸಿಗೆ ಬಂತು ಎಂದು ಸಂಘದ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಎರಡು ಮಳೆಗಾಲ ಬರೆದರೆ ಕ್ಯೂಸೆಕ್ಸಿನ ಅರ್ಥ ನಮ್ಮ ಊರಿನ ಭಾಷೆಯಲ್ಲಿ ಸಿಗುತ್ತದೆ. ಬೆಣ್ಣಿಹಳ್ಳದ ಮೇಲಿನ ಊರುಗಳ ಸಂಘಗಳ ಕಾರ್ಯದರ್ಶಿಗಳಿಗೂ ಪತ್ರ ಬರೆದಿದ್ದೇವೆ, ಹಳ್ಳ ಏರಿದರೆ ಒಂದು ಫೋನ್ ಮಾಡಿರಿ ಎಂದು. ಕೆಲವರು ಒಪ್ಪಿ ಉತ್ತರ ಕೊಟ್ಟಿದ್ದಾರೆ.

ಮೂರನೆಯದಕ್ಕೆ ನಿಮ್ಮ ಹೆಸರು ಬೇಕು. ಓಣಿಗೆ ಇಬ್ಬರಂತೆ, ಒಬ್ಬ ಗಂಡಸು ಒಬ್ಬ ಹೆಂಗಸು. ಆ ಓಣಿಯಲ್ಲಿ ಎದ್ದು ನಡೆಯಲಾರದವರು ಎಷ್ಟು, ಬಾಣಂತಿಯರು ಎಷ್ಟು, ಒಂಟಿಯಾಗಿರುವ ಮುದುಕರು ಯಾರು, ಯಾರ ಮನೆಯ ಗೋಡೆ ಹೊಟ್ಟೆ ಬಿಟ್ಟಿದೆ ಎಂಬುದು ಅವರಿಗೆ ಗೊತ್ತಿರಬೇಕು. ಅವರು ಏಳಿ ಎಂದರೆ ಏಳಬೇಕು, ಮಲಗಬೇಡಿ ಎಂದರೆ ಆ ಮನೆಯಲ್ಲಿ ಮಲಗಬಾರದು. ಅಗಸಿ ಓಣಿ, ಕುಂಬಾರ ಓಣಿ, ಕೆಳಗಿನ ಕೇರಿಯಿಂದ ಹೆಸರು ಬಂದಿವೆ. ಹೊಳೆಗೆ ಎಲ್ಲಕ್ಕಿಂತ ಹತ್ತಿರ ಇರುವ ಹೊಸ ಪ್ಲಾಟಿನಿಂದ ಇನ್ನೂ ಒಂದು ಹೆಸರೂ ಬಂದಿಲ್ಲ. ಈ ಸಭೆ ಮುಗಿದು ಊಟಕ್ಕೆ ಏಳುವ ಮೊದಲು ಆ ಕಡೆಯ ಯಾರಾದರೂ ಇಬ್ಬರು ಕಾರ್ಯದರ್ಶಿಗಳ ಮೇಜಿಗೆ ಬಂದು ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ.